ಬೆಳ್ಳಿ ಕಾಲು

ಬೋರಪ್ಪನ ಕಾಲಿನ ಗಾಯ ಕೊನೆಗೂ ತುಂಬಿಕೊಂಡಿತೆಂದು ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹರೆಯದಲ್ಲಿ ಆಲೆಮನೆಯ ಕುದಿಯುವ ಪಾಕ ಬಿದ್ದು ಸುಟ್ಟ ಕಾಲು ಅದು. ಒಣಗುವುದು, ಮತ್ತೆ ಒಡೆಯುವುದು, ಹೀಗೇ ವರ್ಷಗಳು ಕಳೆದಿದ್ದವು. ಹಿರಿಯೂರಿನ ಮಂಡಿಯಲ್ಲಿ ಅವನು ತೆಂಗಿನಕಾಯಿ ಸುಲಿಯುತ್ತಿದ್ದುದೂ ಬಟ್ಟೆ ಸುತ್ತಿದ ಆ ಕಾಲೂರಿ ನಿಂತೇ. ಈ ಬೇಸಿಗೆಯಲ್ಲಿ ಗಾಯದ ಗುಳಿಯಿಂದ ಕೆಂಪು ಮಾಂಸ ಎದ್ದು ಬಂತು. ಹೆಂಡತಿ ಓಬವ್ವ ಹೊತ್ತ ಹರಕೆಯಂತೆ ಬೆಳ್ಳಿಯ ಪುಟ್ಟ ಕಾಲೊಂದನ್ನು ಮಾಡಿಸಿದ್ದಳು. ಊಟವಾದ ಮೇಲೆ ದೇವಸ್ಥಾನಕ್ಕೆ ಹೋಗಿ ಒಪ್ಪಿಸುವುದಿತ್ತು.

ಓಬವ್ವನ ಅಣ್ಣನ ಮಗಳು ಸುಚಿತ್ರಾಳನ್ನೂ ಕರೆದಿದ್ದರು. ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ಚರ್ಮದ ಮೇಲ್ಪದರದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವು ಗಾಯವನ್ನು ಹೇಗೆ ಮುಚ್ಚುತ್ತವೆ, ಎಲ್ಲಿ ನಿಲ್ಲುತ್ತವೆ ಎಂದು ನೋಡುವುದು ಅವಳ ಕೆಲಸ.

"ನಿನ್ನ ತಟ್ಟೇಲಿ ಬೆಳೆಯೋಕೆ ಮುಂಚೆ ನನ್ನ ಕಾಲಾಗೇ ಬೆಳೀತು ನೋಡವ್ವ," ಎಂದು ಬೋರಪ್ಪ ಎಲೆಯ ಮುಂದೆ ಕೂತೇ ಬಟ್ಟೆ ಬಿಚ್ಚಿದ.

ಹೊಸ ಚರ್ಮವಾದರೆ ಅಂಚಿನಿಂದ ತೆಳ್ಳಗೆ, ಸಮನಾಗಿ ಹರಡಬೇಕು. ಇದು ಅಂಚನ್ನೂ ಮೀರಿ ಹೂಕೋಸಿನಂತೆ ಉಬ್ಬಿತ್ತು. ಸುಚಿತ್ರಾ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟಳು. ನೀರಿಗೆಂದು ಎದ್ದಳು, ಬಾಗಿಲಿಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ರಕ್ತ ಬರುತ್ತದೆಯೇ ಎಂದು ಕೇಳಿದಳು. ಬಟ್ಟೆ ತಾಗಿದರೆ ಒಂದಿಷ್ಟು, ನೋವು ಮಾತ್ರ ಇಲ್ಲ, ಅದೇ ಖುಷಿ ಅಂದ.

"ಮಾವ, ದೇವಸ್ಥಾನ ಆಮೇಲೆ. ಈಗ ದುರ್ಗದ ಆಸ್ಪತ್ರೆಗೆ ಹೋಗಾಣ."

ಅವನು ನಕ್ಕ. ಇಷ್ಟು ಓದಿದವಳಿಗೆ ಮಾಯುವ ಗಾಯ ಯಾವುದೆಂದೂ ತಿಳಿಯುವುದಿಲ್ಲವೇ ಎಂದು ಛೇಡಿಸಿದ.

"ಒಳ್ಳೆ ಕೋಶಗಳು ಬೆಳೀತಾ ಬಂದು ಪಕ್ಕದ್ದನ್ನ ಮುಟ್ಟಿದ ಕೂಡ್ಲೆ ನಿಂತ್ಕಂತವೆ, ಮಾವ. ಇವು ನಿಂತಿಲ್ಲ."

"ಬದು ದಾಟಿ ಉಳೋರಂಗೆ ಅನ್ನು." ಅವನ ನಗು ಅರ್ಧಕ್ಕೇ ನಿಂತಿತು. "ಕ್ಯಾನ್ಸರ್ರಾ?"

"ಚೂರು ತೆಗೆದು ನೋಡ್ದೆ ಹೇಳೋಕಾಗಲ್ಲ. ಅದೇ ಆಗಿದ್ರೆ, ತಡ ಮಾಡಿದಷ್ಟೂ ಕಾಲು ಉಳಿಯೋದು ಕಷ್ಟ."

ದೇವರಿಗೆ ಕೊಟ್ಟ ಮಾತು ಮೊದಲು, ಆಸ್ಪತ್ರೆಯನ್ನು ಅಮಾವಾಸ್ಯೆ ಕಳೆದ ಮೇಲೆ ನೋಡಿದರಾಯಿತು ಎನ್ನುತ್ತ ಬೋರಪ್ಪ ಬಟ್ಟೆ ಸುತ್ತಿಕೊಂಡ. ಬೆಳ್ಳಿ ಕಾಲನ್ನು ಕೈಗೆ ತೆಗೆದುಕೊಂಡು ಎದ್ದ. ಹೇಳಿಟ್ಟಿದ್ದ ಆಟೋ ಹೊರಗೆ ಬಂದು ನಿಂತಿತು.

ದಿನಾ ಆ ಗಾಯ ತೊಳೆಯುತ್ತಿದ್ದವಳು ಓಬವ್ವ.

"ವಾಸನೆ ಬ್ಯಾರೆ ಆಗೈತೆ," ಎಂದಳು, ಗಂಡನ ಮುಖ ನೋಡದೆ. "ಯುಗಾದಿ ಆದಾಗ್ಲಿಂದ. ತುಂಬ್ಕಂತಿರೋವಾಗ ಅಪಶಕುನ ಯಾಕೆ ಅಂತ ಬಾಯಿ ಬಿಡ್ಲಿಲ್ಲ."

ಬೋರಪ್ಪ ಗೋಡೆ ಹಿಡಿದು ಕೂತ. ಓಬವ್ವ ಅವನ ಕೈಯಿಂದ ಬೆಳ್ಳಿ ಕಾಲನ್ನು ಬಿಡಿಸಿಕೊಂಡು ದೇವರ ಗೂಡಿನಲ್ಲಿ, ದೀಪದ ಪಕ್ಕ ಇಟ್ಟಳು.

"ದೇವ್ರು ಇಲ್ಲೇ ಇರ್ತಾನೆ. ಬಸ್ಸು ಇರಲ್ಲ. ಏಳ್ರಿ."

ಚಿತ್ರದುರ್ಗದ ಬಸ್ಸಿನಲ್ಲಿ ಬೋರಪ್ಪ ಕಾಲನ್ನು ದಾರಿಗೆ ಚಾಚಿ ಕೂತ. ಎಷ್ಟು ತೆಗೀತಾರೆ ಎಂದು ಕೇಳಿದ. ಅಕ್ಕಿ ಕಾಳಿನಷ್ಟು ಎಂದಳು ಸುಚಿತ್ರಾ. ಐಮಂಗಲ ದಾಟಿದ ಮೇಲೆ ಮತ್ತೆ ಅದನ್ನೇ ಕೇಳಿದ. ಅವಳು ಫೋನು ತೆಗೆಯುತ್ತಿದ್ದಳು, ಇಡುತ್ತಿದ್ದಳು; ಪರಿಚಯದ ಡಾಕ್ಟರು ಎತ್ತುತ್ತಿರಲಿಲ್ಲ.

"ಕಾಲು ಹೋದ್ರೂ ಕೈ ಇರ್ತಾವಲ್ಲ, ಕಾಯಿ ಸುಲಿಯೋಕೆ," ಅಂದ ಬೋರಪ್ಪ.

ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ಎರಡೂ ಕಾಲೂರಿ, ಮೈಭಾರ ಹಾಕಿದರಷ್ಟೇ ಕಾಯಿ ಸುಲಿಯುತ್ತದೆ. ಅದು ಮೂವರಿಗೂ ಗೊತ್ತಿತ್ತು. ಓಬವ್ವ ಬಗ್ಗಿ, ಸಡಿಲವಾಗಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.