ಜಡೆಪ್ಪನ ಲ್ಯಾಪ್‌ಟಾಪಿಗೆ ಒಣಮೆಣಸಿನಕಾಯಿ

ತೊಂಬತ್ತೊಂಬತ್ತರಾಗ ಕಂಪ್ಲಿಯ ನಮ್ಮ ಓಣಿಗೆ ಕಂಪ್ಯೂಟರ್ ಅಂದ್ರ ನಾನು, ಅಂಜಿನಯ್ಯ. ಹೊಸಪ್ಯಾಟ್ಯಾಗ ಕ್ಲಾಸಿಗೆ ಹೋಗಿ ಬಂದೋನು. ಮನ್ಯಾಗ ಮಷೀನಿಲ್ಲ, ಆದ್ರೂ ಎಲ್ಲಾರೂ "ಕಂಪ್ಯೂಟರ್ ಅಂಜಿನಿ" ಅಂತಿದ್ರು. ಹೀರೋಗೆ ಫೈಟ್ ಬರಬೇಕಂತೇನಿಲ್ಲ, ಎಂಟ್ರಿ ಮಸ್ತ್ ಇದ್ರ ಸಾಕು.

ಅಂಥಾ ಸಿನಿಮಾದಾಗ ಇದ್ದಕ್ಕಿದ್ದಂಗ ಸೆಕೆಂಡ್ ಹೀರೋ ಬಂದ. ಎದುರುಮನಿ ಜಡೆಪ್ಪ. ಎಮ್ಮಿಗನೂರು ಕಡೆ ಅಕ್ಕಿ ಮಿಲ್ಲಿಗೆಲ್ಲ ತಿರುಗಿ ಬಿಲ್ ಬರಿಯೋನು. ಅವನು ಲ್ಯಾಪ್‌ಟಾಪ್ ತಗೊಂತಾನಂತ! ಇನ್ಮ್ಯಾಲೆ ಓಣಿಗೆ ಕಂಪ್ಯೂಟರ್ ಯಾರು? ನನ್ನ ಹೊಟ್ಟ್ಯಾಗ ಬೆಲ್ಲದ ಗಾಣದ ಒಲಿ ಹೊತ್ತಿಕೊಂತು.

ಹಳೇ ಮಷೀನ್ ಮಾರೋ ಹುಸೇನಪ್ಪ ಎರಡು ತಂದು ಜಡೆಪ್ಪನ ಪಡಸಾಲ್ಯಾಗ ಇಟ್ಟು ಚಾಲೂ ಮಾಡಿದ. ಒಂದು ಮದುಮಗನಂಗ ಬೆಳ್ಳಗ ಮಿಂಚತಿತ್ತು. ಇನ್ನೊಂದು ಸಂಡೂರು ಗಣಿ ಆಫೀಸಿಂದು, ಕರ್ರಗ, ಸಂದಿ ಸಂದ್ಯಾಗ ಕೆಂಪು ಧೂಳು. ರೇಟು ಎರಡಕ್ಕೂ ಒಂದ.

"ಅಂಜಿನಿ, ನೀ ಹೇಳಿದ್ದ ಫೈನಲ್ಲಲೇ," ಅಂದ ಜಡೆಪ್ಪ.

ವೈರ್ ಸ್ವಲ್ಪ ಕಿತ್ತು ನೋಡಿದಾಗ್ಲೇ ನಂಗ ಗೊತ್ತಾಗಿತ್ತು: ಬೆಳ್ಳಂದರ ಬ್ಯಾಟ್ರಿ ಸತ್ತೈತಿ, ಕರಿದರದು ಗಟ್ಟಿ ಐತಿ. ಹಳ್ಳಿ ಕಡೆ ಕರೆಂಟ್ ಇರೋದು ಅಷ್ಟರಾಗ ಐತಿ. ತಿರುಗಲಿ ಮಗ, ಮಿಲ್ಲಿಂದ ಮಿಲ್ಲಿಗೆ ಪ್ಲಗ್ ಹುಡುಕ್ಕೊಂತ!

"ಬೆಳ್ಳಂದು ತಗಾಲೇ! ಅದು ತೊಡಿಮ್ಯಾಲಿದ್ರ ನೀನು ರಾಜ, ಜಗತ್ತು ಜೂನಿಯರ್ ಆರ್ಟಿಸ್ಟು!"

ಹುಸೇನಪ್ಪ ಏನೋ ಹೇಳಾಕ ಬಾಯಿ ತಗದ. ಅಷ್ಟರಾಗ ಕರೆಂಟ್ ಹೋತು. ಬೆಳ್ಳಂದು ಗಪ್ಪಂತ ಕಣ್ಣು ಮುಚ್ಚಿತು. ಕರಿದು ಹಂಗ ಉರಿತಿತ್ತು.

"ಅಯ್ಯ, ಸತ್ತಾ ಹೋತಲ್ಲೋ!" ಅಂತ ಓಡಿ ಬಂದ್ಲು ಜಡೆಪ್ಪನ ಅವ್ವ ಪಕೀರಮ್ಮತ್ತಿ. "ಯಾವನೋ ಕೆಟ್ಟ ಕಣ್ಣು ಹಾಕ್ಯಾನ."

"ದೃಷ್ಟಿಯಲ್ಲಬೇ, ಅದರ ಬ್ಯಾಟ್ರಿ ಸತ್ತೈತಿ. ಅದ ಹೇಳಾಕತ್ತಿದ್ದೆ," ಅಂದ ಹುಸೇನಪ್ಪ.

"ನೀ ಸುಮ್ಕಿರಪ್ಪ!"

ಅತ್ತಿ ಉಪ್ಪು, ಒಣಮೆಣಸಿನಕಾಯಿ ಮುಷ್ಟ್ಯಾಗ ಹಿಡಿದು ಮಷೀನಿಗೆ ನಿವಾಳಿಸಿದ್ಲು. "ನಾಯಿ ಕಣ್ಣು, ನರಿ ಕಣ್ಣು, ಎದುರುಮನಿ ಕಣ್ಣು..."

ಎದುರುಮನಿ ಅಂದ್ರ ನಮ್ದ!

ನಮ್ಮ ಕಡೆ ಲೆಕ್ಕ ಹಿಂಗ: ಮೆಣಸಿನಕಾಯಿ ಒಲಿಗೆ ಹಾಕಿದಾಗ ಘಾಟು ಬಂದು ಕೆಮ್ಮಿದ್ರ ಯಾರ ಕಣ್ಣೂ ಬಿದ್ದಿಲ್ಲ. ಕೆಮ್ಮು ಬರಲಿಲ್ಲಂದ್ರ ದೃಷ್ಟಿ ಭಾರಿ. ನನ್ನ ಹೊಟ್ಟಿಕಿಚ್ಚಿಗೆ ಒಂದು ಚೀಲ ಸುಟ್ರೂ ಘಾಟು ಬರಂಗಿಲ್ಲಂತ ನಂಗ ಖಾತ್ರಿ ಇತ್ತು.

ಅತ್ತಿ ಪಡಸಾಲಿ ಮೂಲ್ಯಾಗಿನ ಒಲಿ ಕಡೆ ಬಗ್ಗಿದ್ಲು. ನಂಗ ಕಂಡಿದ್ದು ಬರೇ ಬೆನ್ನು. ಲೈಟ್ಸ್, ಕ್ಯಾಮರಾ... ಕಣ್ಣು ಮುಚ್ಚಿ, ಎದಿ ಹಿಡ್ಕೊಂಡು, ಕ್ಲೈಮ್ಯಾಕ್ಸಿನಾಗ ಸಾಯೋ ತಂದಿಯಂಗ ಕೆಮ್ಮಿದೆ.

"ಖೊಳ್ ಖೊಳ್! ಏನ್ ಘಾಟಬೇ ಅತ್ತಿ! ಯಾರ ಕಣ್ಣೂ ಬಿದ್ದಿಲ್ಲ ತಗಿ!"

ಅತ್ತಿ ತಿರುಗಿ ಮುಷ್ಟಿ ಬಿಚ್ಚಿದ್ಲು. ಮೆಣಸಿನಕಾಯಿ ಎಲ್ಲಾ ಅಲ್ಲೇ ಇದ್ವು.

"ಇನ್ನಾ ಹಾಕೇ ಇಲ್ಲಲೋ, ಬಾಡ್ಯಾ."

ಜಡೆಪ್ಪ ನನ್ನ ನೋಡಿದ, ಬೆಳ್ಳಂದನ್ನ ನೋಡಿದ. ಕರಿದನ್ನ ಹತ್ರ ಎಳ್ಕೊಂಡು, ನನ್ನ ಮಾರಿ ಕಡೆ ತಿರುಗಿಸಿ, ಸಂದಿಗೆ ಬಾಯಿಟ್ಟು ಉಫ್ ಅಂತ ಊದಿದ. ಸಂಡೂರಿನ ಕೆಂಪು ಧೂಳೆಲ್ಲಾ ನನ್ನ ಮೂಗಿನ್ಯಾಗ.

ಈ ಸಲ ಕೆಮ್ಮು ಖರೇನ ಬಂತು.