ಕೊಸರು

ಸುಲೋಚನಮ್ಮನ ಅಡುಗೆಮನೆಯಲ್ಲಿ ಅಳತೆ ಇರಲಿಲ್ಲ. ಧಾನ್ಯಕ್ಕೆ ಹಿಡಿ, ಉಪ್ಪಿಗೆ ಬೆರಳು, ನೀರಿಗೆ ಕಣ್ಣು. ಮಗಳು ತ್ರಿವೇಣಿಯ ಅಡುಗೆ ಬ್ಲಾಗಿಗೆ ಇದು ಸಾಲುತ್ತಿರಲಿಲ್ಲ.

ಬ್ಲಾಗಿಗೆ ಅವಳು ಒಂದು ರೆಸಿಪಿ ಪ್ಲಗಿನ್ ಹಾಕಿಕೊಂಡಿದ್ದಳು. ಯಾವ ಪದಾರ್ಥ, ಎಷ್ಟು ಗ್ರಾಂ, ಎಷ್ಟು ಹೊತ್ತು, ಎಷ್ಟು ಜನಕ್ಕೆ ಎಂದು ತುಂಬಿದರೆ ಅದು ಚೊಕ್ಕಟವಾದ ಕಾರ್ಡ್ ಮಾಡಿಕೊಡುತ್ತಿತ್ತು. ಓದುವವರು ಜನರ ಸಂಖ್ಯೆ ಬದಲಿಸಿದರೆ ಗ್ರಾಂಗಳೂ ತಾವಾಗಿ ಬದಲಾಗುತ್ತಿದ್ದವು. ಯಾವ ಕಾಲಮನ್ನೂ ಖಾಲಿ ಬಿಡುವಂತಿರಲಿಲ್ಲ. ಹಾಗಾಗಿ ತ್ರಿವೇಣಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದಳು. ಅವ್ವ ಹಿಡಿ ಹಿಡಿಯಾಗಿ ಬೋಗುಣಿಗೆ ಸುರಿಯುವಳು, ಮಗಳು ಒಂದೊಂದು ಹಿಡಿಯ ತೂಕವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವಳು. ಕಾರ್ಡಿಗೆ ಹೋಗುತ್ತಿದ್ದುದು ಒಟ್ಟು ಮೊತ್ತ. ಮನೆಯಲ್ಲಿ ಅಪ್ಪ, ಅವ್ವ, ಅವಳು. ‘ಎಷ್ಟು ಜನಕ್ಕೆ’ ಎಂಬಲ್ಲಿ ಯಾವಾಗಲೂ ಮೂರು.

ಹೆರಿಗೆಗೆಂದು ಮೊಳಕಾಲ್ಮೂರಿನ ಗಂಡನ ಮನೆಯಿಂದ ಚಳ್ಳಕೆರೆಗೆ ಬಂದವಳು ವಾಪಸ್ ಹೋಗಿರಲಿಲ್ಲ. ಹೆಣ್ಣುಮಗು ಹತ್ತೊಂಬತ್ತು ದಿನ ಬದುಕಿತ್ತು. ಗಂಡನ ಕಡೆಯವರು ಅದನ್ನು ಮೊಳಕಾಲ್ಮೂರಿಗೆ ಒಯ್ದು ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ, ರೇಷನ್ ಕಾರ್ಡಿಗೆ ಸೇರಿಸಿರಲಿಲ್ಲ. ಒಂದು ಫೋಟೋ ಕೂಡ ಯಾರೂ ತೆಗೆದಿರಲಿಲ್ಲ. ಹೆಸರಿಡದ ಕೂಸಿಗೆ ಹಿರಿಯರ ಹಬ್ಬದಲ್ಲಿ ಎಡೆ ಇಡುವ ಪದ್ಧತಿ ಎರಡೂ ಮನೆಗಳಲ್ಲಿ ಇರಲಿಲ್ಲ. ಅದರ ಮಾತನ್ನೂ ಯಾರೂ ಎತ್ತುತ್ತಿರಲಿಲ್ಲ. ಆರು ತಿಂಗಳು ಗೋಡೆ ನೋಡಿದ ಮೇಲೆ ತ್ರಿವೇಣಿ ಬ್ಲಾಗ್ ಶುರು ಮಾಡಿದಳು. ಅದಕ್ಕೀಗ ಮೂರು ವರ್ಷ.

ಆಷಾಢದಲ್ಲಿ ನವಣೆ ಅನ್ನದ ಕಾರ್ಡಿನ ಕೆಳಗೆ ಒಂದು ಕಮೆಂಟ್ ಬಂತು. ಬರೆದವರು ವಾಣಿಶ್ರೀ ಎಂಬುವರು, ಊರು ಮೊಳಕಾಲ್ಮೂರು. ತ್ರಿವೇಣಿಗೆ ಅವರ ಪರಿಚಯವಿರಲಿಲ್ಲ.

‘ಅಕ್ಕ, ನಿಮ್ಮ ಕೊಲತ ತಪ್ಪೈತೆ. ನಮ್ಮನೇಲೂ ಮೂರೇ ಜನ. ನಿಮ್ಮ ಕಾರ್ಡ್ ನೋಡ್ಕಂಡು ಏನು ಮಾಡಿದ್ರೂ ಉಳಿಯುತ್ತೆ. ಜಾಸ್ತಿ ಅಲ್ಲ, ಒಂದು ಸಣ್ಣ ಮಗು ಉಣ್ಣೋವಷ್ಟು.’

ಕೊಲತ ಎಂದರೆ ಅಳತೆ. ಆ ಕಡೆಯವರು ತೆಲುಗು ಬೆರೆಸಿ ಮಾತಾಡುತ್ತಾರೆ. ತ್ರಿವೇಣಿಗೆ ಸಿಟ್ಟು ಬಂತು. ತನ್ನ ಅಳತೆ ತಪ್ಪಿಲ್ಲವೆಂದು ತೋರಿಸಲು ನೋಟ್‌ಬುಕ್ ತೆಗೆದಳು.

ನವಣೆ: 62, 64, 63, 31.

ಆ ನಾಲ್ಕನೆಯದನ್ನು ಅವಳು ಕೊಸರು ಅಂದುಕೊಂಡಿದ್ದಳು. ಅಂಗಡಿಯವರು ಅಳೆದಾದ ಮೇಲೆ ಇಷ್ಟು ಮೇಲೆ ಹಾಕುವುದಿಲ್ಲವೇ, ಹಾಗೆ. ಹಿಂದಿನ ಪುಟಗಳನ್ನು ನೋಡಿದಳು. ಯುಗಾದಿಯ ಹೊತ್ತಿಗೆ ಕೊಸರು ಇಪ್ಪತ್ತೊಂಬತ್ತು. ಅದರ ಹಿಂದಿನ ದೀಪಾವಳಿಗೆ ಇಪ್ಪತ್ತಾರು. ಅದಕ್ಕೂ ಹಿಂದಿನ ವರ್ಷ ಹದಿನಾಲ್ಕು. ಧಾನ್ಯ ನವಣೆಯಾಗಲಿ, ಸಾಮೆಯಾಗಲಿ, ಅಕ್ಕಿಯಾಗಲಿ, ದೊಡ್ಡ ಹಿಡಿಗಳು ಅರವತ್ತರ ಸುತ್ತಲೇ ಇದ್ದವು. ಕೊಸರು ಮಾತ್ರ ಬೆಳೆದಿತ್ತು. ಮೊದಲನೆಯ ಪುಟದಲ್ಲಿ ಅದು ನಾಲ್ಕು ಗ್ರಾಂ. ತೇದಿ ನೋಡಿದಳು. ಕೂಸು ಇದ್ದಿದ್ದರೆ ಆಗ ಏಳು ತಿಂಗಳು, ಅನ್ನ ಮುಟ್ಟಿಸುವ ಕಾಲ.

ಮೆಣಸಿನಕಾಯಿಯ ಲೆಕ್ಕವೂ ಅಲ್ಲೇ ಇತ್ತು. ಸಾರಿಗೆ ಮೊದಲು ಒಂಬತ್ತು, ಆಮೇಲೆ ಏಳು, ಈ ವರ್ಷ ಐದು.

ಮಾರನೆಯ ದಿನ ಮಧ್ಯಾಹ್ನ ಅವಳು ಬೆಂದ ಅನ್ನದ ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟಳು. ಪಾತ್ರೆಯ ತೂಕ ಕಳೆದು ಆರುನೂರ ನಲವತ್ತು. ಮೂರು ತಟ್ಟೆಗೆ ತಾನೇ ಬಡಿಸಿದಳು, ಒಂದೊಂದನ್ನೂ ತೂಗಿದಳು. ಒಟ್ಟು ಐನೂರೈವತ್ತು. ಮೂವರೂ ನಡುಮನೆಯಲ್ಲಿ ಕೂತು ಉಂಡರು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅವ್ವ ಎದ್ದು ಒಳಗೆ ಹೋಗಿರಲಿಲ್ಲ. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿತ್ತು. ಉಂಡಾದ ಮೇಲೆ ತ್ರಿವೇಣಿ ಮುಚ್ಚಳ ತೆಗೆದು ನೋಡಿದರೆ ಪಾತ್ರೆ ಬಳಿದಂತೆ ಖಾಲಿ. ತಳದಲ್ಲಿ ಬೆರಳಾಡಿಸಿದ ಸಣ್ಣ ಗೆರೆಗಳಿದ್ದವು. ಅವಳು ತನ್ನ ಬೆರಳನ್ನು ಒಂದು ಗೆರೆಯ ಮೇಲಿಟ್ಟಳು. ಗೆರೆಗೆ ಅವಳ ಬೆರಳು ದಪ್ಪವಾಯಿತು.

ಅಪ್ಪ ಓಂಕಾರಮೂರ್ತಿ ಶೇಂಗಾ ವ್ಯಾಪಾರಿ. ಉಂಡು ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

“ಅಪ್ಪಾಜಿ, ಉಳಿದ ಅನ್ನ ನೀವು ತಿಂತೀರಾ?”

“ನಾನಾ? ಸಕ್ಕರೆ ಕಾಯಿಲೆಯೋನಿಗೆ ನಿಮ್ಮವ್ವ ಇಕ್ಕೋದೇ ಹುಂಜಕ್ಕೆ ಇಕ್ಕಿದಂಗೆ ಇಕ್ಕುತಾಳೆ. ಮ್ಯಾಲೆ ಆ ಸಾರು. ಒಂದು ವರ್ಷ ಆಯ್ತು, ಆಸ್ಪತ್ರೆ ಗಂಜಿ ಉಂಡಂಗೆ ಆಗೈತೆ.”

ತ್ರಿವೇಣಿ ವಾಣಿಶ್ರೀಯ ಕಮೆಂಟ್ ಓದಿ ಹೇಳಿ ನೋಟ್‌ಬುಕ್ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಪುಟ ಪುಟವಾಗಿ ನೋಡಿದರು. ಬಾಯಲ್ಲಿದ್ದ ಎಲೆ ಹಾಗೇ ಉಳಿಯಿತು.

“ನಂಗೆ ಗೊತ್ತು ಅಂತ ಇಟ್ಕೋ,” ಅಂದರು. “ಬೆಳೆದಿದ್ದು ಗೊತ್ತಿರಲಿಲ್ಲ.”

“ಅವ್ವನ್ನ ಕೇಳಲಾ?”

“ಬ್ಯಾಡ. ಮಂಡಿಯಾಗೆ ಕೊಸರು ಹಾಕ್ತೀವಲ್ಲ, ಅದನ್ನ ತಕ್ಕಡಿಗೆ ಇಡಲ್ಲ ಕಣಮ್ಮ. ತೂಗಿದ್ರೆ ಅದು ಕೊಸರಲ್ಲ, ಮಾಲು.”

“ಇಷ್ಟು ದಿನ ತೂಗಿದ್ದೀನಲ್ಲ.”

“ನೀನು ತೂಗಿದ್ದೆ. ಅವಳಿಗೆ ಗೊತ್ತಿರಲಿಲ್ಲ, ನೀನು ಬಿಡಿಬಿಡಿಯಾಗಿ ಬರೀತೀಯ ಅಂತ. ಹೋಗ್ಲಿ ಬಿಡು, ಆಯಮ್ಮಂಗೆ ಏನಾರ ಒಂದು ಬರೆದು ಹಾಕು.”

ತ್ರಿವೇಣಿ ಕಂಪ್ಯೂಟರ್ ಮುಂದೆ ಕೂತಳು. ವಾಣಿಶ್ರೀ ಹೇಳಿದ್ದು ಸರಿ, ಕಾರ್ಡ್ ತಿದ್ದಲೇಬೇಕು. ಇದ್ದುದು ಎರಡೇ ದಾರಿ. ನವಣೆಯಲ್ಲಿ ಮೂವತ್ತೊಂದು ಗ್ರಾಂ ತೆಗೆಯಬೇಕು, ಇಲ್ಲವೇ ಜನರ ಸಂಖ್ಯೆ ಬದಲಿಸಬೇಕು. ಮೂವತ್ತೊಂದನ್ನು ಅಳಿಸಲು ಹೋದಳು, ಕೈ ಬರಲಿಲ್ಲ. ಮೂರೂವರೆ ಎಂದು ತುಂಬಿದಳು. ಪ್ಲಗಿನ್ ಒಪ್ಪಲಿಲ್ಲ, ಅದಕ್ಕೆ ಪೂರ್ಣ ಸಂಖ್ಯೆಯೇ ಆಗಬೇಕು. ನಾಲ್ಕು ಎಂದು ತುಂಬಿದಳು.

ಕಾರ್ಡ್ ಸೇವ್ ಆಯಿತು. ‘ನಾಲ್ಕು ಜನಕ್ಕೆ.’ ಆ ಮಗುವನ್ನು ಯಾವುದಾದರೂ ಒಂದು ಕಡೆ ಲೆಕ್ಕಕ್ಕೆ ಹಿಡಿದಿದ್ದು ಇದೇ ಮೊದಲು. ತ್ರಿವೇಣಿ ಬಹಳ ಹೊತ್ತು ಅದನ್ನೇ ನೋಡಿದಳು. ನಾಲ್ಕು ಎಂದರೆ ಪೂರ್ತಿ ನಾಲ್ಕು ಜನಕ್ಕೆ ಸಾಲದು, ಅಳತೆ ಮತ್ತೆ ತಪ್ಪು ಎಂದು ಗೊತ್ತಿತ್ತು. ಆದರೂ ಉಳಿದ ನಲವತ್ತೆರಡು ಕಾರ್ಡುಗಳಲ್ಲೂ ಮೂರನ್ನು ನಾಲ್ಕು ಮಾಡಿದಳು. ಅವಳಿಗೆ ಆಗ ವಾಣಿಶ್ರೀಯ ನೆನಪಿರಲಿಲ್ಲ.

ಸುಲೋಚನಮ್ಮ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಮಗಳ ಬ್ಲಾಗ್ ನೋಡುತ್ತಿದ್ದಳು. ಓದುವುದಕ್ಕಿಂತ ತನ್ನ ಪಾತ್ರೆಗಳ ಫೋಟೋ ನೋಡುವುದು ಅವಳಿಗೆ ಇಷ್ಟ. ಅಂದು ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

“ನಾಕು ಅಂತ ಹಾಕಿದೀಯಾ.”

“ಹೂಂನವ್ವ.”

“ಎಲ್ಲದಕ್ಕೂನಾ?”

“ಎಲ್ಲದಕ್ಕೂ.”

“ಜನ ನೋಡಿದ್ರಾ ಇದನ್ನ?”

“ನಿನ್ನೆಯಿಂದ ಇನ್ನೂರು ಜನ ನೋಡಿದಾರೆ. ಯಾಕವ್ವ?”

ಸುಲೋಚನಮ್ಮ ಫೋನನ್ನು ಸ್ಟೂಲಿನ ಮೇಲೆ ಮಕಾಡೆ ಇಟ್ಟಳು. ಕಾಫಿ ಅರ್ಧ ಉಳಿದಿತ್ತು, ಕುಡಿಯಲಿಲ್ಲ.

“ನಿಂಗೆ ಗೊತ್ತಾಗಬಾರದು ಅಂತ ಮಾಡ್ತಿದ್ದೆ,” ಅಂದಳು. “ನೀನು ಅಳ್ತೀಯ ಅಂತ.”

“ಅತ್ತಿಲ್ಲವಲ್ಲ.”

“ಅದೇ. ನೀನು ಎಣಿಸಿಬಿಟ್ಟೆ. ಉಣ್ಣೋ ಕೂಸನ್ನ ಎಣಿಸ್ತಾರೇನೇ? ದೃಷ್ಟಿ ತಾಗುತ್ತೆ.”

“ತೆಗೀತೀನಿ ಬಿಡವ್ವ. ಮೂರೇ ಮಾಡ್ತೀನಿ. ಒಂದು ನಿಮಿಷದ ಕೆಲಸ.”

“ಮಾಡು. ಅದು ನಿನ್ನ ಮೆಶಿನ್ನಿನ ಮಾತು.”

ಹನ್ನೊಂದಕ್ಕೆ ಅವ್ವ ನವಣೆ ಡಬ್ಬಿ ಇಳಿಸಿದಳು. ತ್ರಿವೇಣಿ ತಕ್ಕಡಿ ಇಟ್ಟಳು. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದಳು, ಅವ್ವ ಅನ್ನಲಿಲ್ಲ. ಒಂದು ಹಿಡಿ. ಎರಡು. ಮೂರು. ಆಮೇಲೆ ಕೈ ಡಬ್ಬಿಯ ಮೇಲೆ ನಿಂತಿತು. ತ್ರಿವೇಣಿ ಪೆನ್ನು ಹಿಡಿದು ಕಾದಳು. ಅವ್ವ ಕೈಯನ್ನು ಡಬ್ಬಿಯೊಳಗೆ ಇಳಿಸಿದಳು, ಕಾಳಿನಲ್ಲಿ ಸ್ವಲ್ಪ ಹೊತ್ತು ಹಾಗೇ ಬಿಟ್ಟಳು, ಬರಿಗೈ ತೆಗೆದಳು.

“ಹಾಕವ್ವ.”

“ಬರ್ತಾ ಇಲ್ಲ ಕಣೆ. ಎಷ್ಟು ಹಾಕಬೇಕು ಅಂತ ಗೊತ್ತಾಗ್ತಾ ಇಲ್ಲ.”

“ಮೂವತ್ತೊಂದು ಗ್ರಾಂ. ನಾನು ತೂಗಿ ಕೊಡ್ತೀನಿ.”

“ತೂಗಿ ಇಕ್ಕಿದ್ರೆ ಯಾರು ಉಣ್ತಾರೆ?”

ಮುಚ್ಚಳ ಹಾಕಿ ಡಬ್ಬಿಯನ್ನು ಅಟ್ಟಣಿಗೆಗೆ ಏರಿಸಿದಳು. ಸಾರಿಗೆ ಒಂಬತ್ತು ಮೆಣಸಿನಕಾಯಿ ಹುರಿದಳು. ಘಾಟಿಗೆ ಇಬ್ಬರೂ ಕೆಮ್ಮಿದರು.

ಮಧ್ಯಾಹ್ನ ಓಂಕಾರಮೂರ್ತಿ ಮೊದಲ ತುತ್ತಿಗೇ ಹೆಂಡತಿಯ ಮುಖ ನೋಡಿದರು. ಸಾರು ಖಾರವಾಗಿತ್ತು, ಚೆನ್ನಾಗಿತ್ತು. ತಲೆ ತಗ್ಗಿಸಿ ಉಂಡರು. ಉಂಡಾದ ಮೇಲೆ ತ್ರಿವೇಣಿ ಪಾತ್ರೆಯೊಳಗೆ ನೋಡಿದಳು. ತಳಕ್ಕೆ ಅನ್ನ ಅಂಟಿಕೊಂಡು ಒಣಗುತ್ತಿತ್ತು. ಯಾರೂ ಬಳಿದಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದಳು: 62, 63, 63. ಒಟ್ಟು ನೂರ ಎಂಬತ್ತೆಂಟು. ಹಿಂದಿನದಕ್ಕಿಂತ ಮೂವತ್ತೆರಡು ಗ್ರಾಂ ಕಡಿಮೆ. ಅದರಲ್ಲಿ ಒಂದು ಅವ್ವನ ಕೈಯ ಹೆಚ್ಚುಕಡಿಮೆ, ಮೂವತ್ತೊಂದು ಮಗುವಿನದು.