ಇನ್ನೂರ ಹದಿನಾಲ್ಕು ಟ್ರಾಲಿ

ಮೂರು ದಿನದಿಂದ ಮನೆಮನೆ ಅಲೆದು ದಿನಸಿ ಅಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು. ಬೇಕಾಗಿದ್ದು ದೊಡ್ಡಂಗಡಿಯಲ್ಲಿ ಗಿರಾಕಿಗಳು ಸಾಮಾನು ಹಾಕಿ ತಳ್ಳುವ ಇನ್ನೂರ ಹದಿನಾಲ್ಕು ಟ್ರಾಲಿ, ಸಿಕ್ಕಿದ್ದು ಮೊದಲ ದಿನವೇ ಇನ್ನೂರ ಎಂಟು, ಆಮೇಲೆ ಒಂದೂ ಇಲ್ಲ. ಇವತ್ತು ಸಂಜೆ ಐದರೊಳಗೆ ಉಳಿದ ಆರು ಬರದಿದ್ದರೆ ದೊಡ್ಡಂಗಡಿಯ ಬೀಗದ ಕೈ ಇನ್ನೂ ಐದು ವರ್ಷ ಕಂಪನಿಯ ಜೇಬಿನಲ್ಲೇ ಇರುತ್ತಿತ್ತು. ಅವಳ ಅಂಗಡಿಯ ಆಸೆಗೆ ಅಲ್ಲಿಗೆ ಎಳ್ಳುನೀರು.

ಆ ದೊಡ್ಡಂಗಡಿ ಬರುವಾಗ ಪೇಟೆಬೀದಿಯ ಅರ್ಧವನ್ನು ನುಂಗಿಕೊಂಡೇ ಬಂದಿತ್ತು. ಉಳಿದರ್ಧದ ಅಂಗಡಿಗಳು ಎರಡೇ ವರ್ಷಕ್ಕೆ ಗಿರಾಕಿಗಳಿಲ್ಲದೆ ಮುಚ್ಚಿದವು. ಅಕ್ಕನಿಗೆ ಆ ಹೆಸರು ತಂದ ದಿನಸಿ ಅಂಗಡಿ ಇದ್ದದ್ದು ನುಂಗಿಹೋದ ಅರ್ಧದಲ್ಲಿ. ಬೇರೆ ದಾರಿಯಿಲ್ಲದೆ ಅವಳು ಅದೇ ದೊಡ್ಡಂಗಡಿಯಲ್ಲಿ ಟ್ರಾಲಿ ಜೋಡಿಸುವ ಕೆಲಸಕ್ಕೆ ಸೇರಿ ಎಂಟು ವರ್ಷ ತಳ್ಳಿದಳು. ಆಮೇಲೆ ಒಂದು ಸೋಮವಾರ ದೊಡ್ಡಂಗಡಿಯೂ ಶಟರ್ ಎಳೆಯಿತು. ಮುಚ್ಚಿದ್ದು ಹಾಳಾಗಿ ಹೋಗಲಿ, ಜಾಗ ಬಿಟ್ಟಾದರೂ ಹೋಗಬೇಡವೆ? ಇಲ್ಲಿ ಬೇರೆ ಯಾರಾದರೂ ಅಂಗಡಿ ಇಟ್ಟರೆ ಹೆದ್ದಾರಿಯಲ್ಲಿರುವ ತಮ್ಮ ಇನ್ನೊಂದು ಮಳಿಗೆಗೆ ಏಟು ಬೀಳುತ್ತದೆಂದು ಕಂಪನಿ ಬೀಗ ಜಡಿದು ಗುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಈಗ ಒಂದು ಸೋಪು ಬೇಕೆಂದರೂ ಎರಡು ಬಸ್ಸು ಹತ್ತಬೇಕು.

ಜಾಗ ಊರಿನದೇ. ಗುತ್ತಿಗೆ ಮುಗಿಯುವುದು ಇವತ್ತೇ. ಆದರೆ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಮಳಿಗೆಯ ಸಾಮಾನೆಲ್ಲ ಪಟ್ಟಿಯಲ್ಲಿರುವಂತೆಯೇ ಸ್ಥಳದಲ್ಲಿರಬೇಕು, ಇಲ್ಲದಿದ್ದರೆ ಗುತ್ತಿಗೆ ತಾನಾಗಿಯೇ ಮುಂದುವರಿಯುತ್ತದೆ. ಅವತ್ತು ಸಹಿ ಹಾಕಿದ ಹಿರಿಯರು ಅದನ್ನು ಓದಿರಲಿಲ್ಲ. ಓದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಇನ್ನು ಆ ಪಟ್ಟಿಯಲ್ಲಿದ್ದ ಟ್ರಾಲಿಗಳು ಎಲ್ಲಿದ್ದವು? ಊರಿನ ತುಂಬ ಇದ್ದವು. ಅಂಗಡಿ ಮುಚ್ಚಿದ ವಾರವೇ ಜನ ಮನೆಗೊಂದೋ ಎರಡೋ ತಳ್ಳಿಕೊಂಡು ಹೋಗಿದ್ದರು. ಟೈಲರ್ ಅದರಲ್ಲಿ ಬಟ್ಟೆ ಒಣಹಾಕುತ್ತಿದ್ದ. ಕೋಳಿಯವಳು ಬೋರಲು ಹಾಕಿ ಮರಿಗಳನ್ನು ಮುಚ್ಚುತ್ತಿದ್ದಳು. ಹಳೇ ಮೇಷ್ಟ್ರು ಪುಸ್ತಕ ಪೇರಿಸಿಟ್ಟಿದ್ದರು. ದಿನಸಿ ಅಕ್ಕನ ಅತ್ತೆಯೇ ಒಂದರಲ್ಲಿ ನೀರಿನ ಕೊಡ ತರುತ್ತಿದ್ದಳು. ಕೇಳಲು ಹೋದ ಸೊಸೆಗೆ ಅವಳು ಕೊಟ್ಟ ಉತ್ತರ ಇಷ್ಟೇ:

"ನಮ್ಮ ಅಂಗಡೀನೇ ತಿಂದ್ಕೊಂಡೋರಿಗೆ ಒಂದು ಗಾಡಿ ಹೆಚ್ಚಾಯ್ತಾ?"

"ಅತ್ತೆ, ಆ ಅಂಗಡಿ ವಾಪಸ್ ಬರ್ಲಿ ಅಂತಾನೇ ಕೇಳ್ತಿರೋದು!"

ಗೊಣಗುತ್ತಲೇ ಕೊಟ್ಟಳು. ಎಲ್ಲ ಮನೆಯಲ್ಲೂ ಇದೇ ರಾಮಾಯಣ. ಮಳಿಗೆ ಊರಿಗೆ ಬಂದ ಮೇಲೆ ಅದರಲ್ಲಿ ಅಂಗಡಿ ಇಡಲು ಹೆಸರು ಬರೆಸಿದ್ದ ಹನ್ನೆರಡು ಜನ ಮನೆಗಳನ್ನು ಹಂಚಿಕೊಂಡಿದ್ದರು. ಉಳಿದ ಹನ್ನೊಂದು ಮಂದಿ ಇವತ್ತು ಮಧ್ಯಾಹ್ನಕ್ಕೇ ಕೈಚೆಲ್ಲಿ ನೆರಳು ಹುಡುಕಿದರು. ಹೆಸರು ಬರೆಸುವಾಗ ಮಾತ್ರ ಎಲ್ಲರೂ ಮುಂದು!

ನಾಲ್ಕು ಗಂಟೆಗೆ ಕಂಪನಿಯ ಅಧಿಕಾರಿ, ಟ್ರಾಲಿಗಳನ್ನು ಸಾಲಾಗಿ ನಿಲ್ಲಿಸಿದ್ದ ದೊಡ್ಡಂಗಡಿಯ ಮುಂದಿನ ಅಂಗಳದಲ್ಲಿ ಕಾರಿನಿಂದಿಳಿದ. ಕೈಯಲ್ಲಿ ಯಾವಾಗಲೂ ಪಟ್ಟಿ ಹಿಡಿದಿರುತ್ತಿದ್ದುದರಿಂದ ಊರಿನವರು ಅವನನ್ನು ಪಟ್ಟಿ ಸಾಹೇಬ ಎನ್ನುತ್ತಿದ್ದರು. ಒಂದೊಂದು ಟ್ರಾಲಿಯನ್ನೂ ಪೆನ್ನಿನಿಂದ ಮುಟ್ಟಿ ಮುಟ್ಟಿ ಎಣಿಸಿದ. ದಿನಸಿ ಅಕ್ಕ ಅವನ ಬೆನ್ನಿಗೇ ನಡೆದಳು.

"ಇನ್ನೂರ ಇಪ್ಪತ್ತು" ಎಂದ.

"ಏನಂದ್ರಿ?"

"ಆರು ಹೆಚ್ಚಿದೆಯಮ್ಮ. ಕಡಿಮೆ ಆದ್ರೆ ಬರೆಯೋಕೆ ಕಾಲಂ ಇದೆ. ಹೆಚ್ಚಾದ್ರೆ ಇಲ್ಲ. ಪಟ್ಟಿ ಹೊಂದ್ತಾ ಇಲ್ಲ, ನಾನು ಸಹಿ ಹಾಕೋಕಾಗಲ್ಲ."

ಅವಳು ಸುತ್ತ ನೋಡಿದಳು. ಕೋಳಿಯವಳು ನೆಲ ನೋಡುತ್ತಿದ್ದಳು. ಆರೇ ಕಡಿಮೆಯಂತೆ ಎಂಬ ಸುದ್ದಿ ಹಬ್ಬಿದ ಮೇಲೆ, ಎರಡನೆಯದನ್ನು ಬಚ್ಚಿಟ್ಟುಕೊಂಡಿದ್ದ ಆರು ಮನೆಯವರಿಗೆ ಮನಸ್ಸು ಕುಟುಕಿ, ಯಾರಿಗೂ ಹೇಳದೆ ತಂದು ಸಾಲಿಗೆ ಸೇರಿಸಿದ್ದರು. ಅಲ್ಲಿಗೆ ಇನ್ನೂರ ಹದಿನಾಲ್ಕಾಯಿತು. ಹಾಗಾದರೆ ಇನ್ನಾರು ಎಲ್ಲಿಂದ ಉದುರಿದವು?

ಅವಳ ಮೈದುನ ವೆಲ್ಡಿಂಗ್ ಕೆಲಸದವನು. ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ.

"ಅತ್ತಿಗೆ, ಬೈಬೇಡಿ. ಆ ಆರು ಸಿಗಲ್ಲ ಅನ್ನಿಸ್ತು. ಎರಡು ದಿನ ಕೂತು ನಾನೇ ಮಾಡಿ, ಇವತ್ತು ಮಧ್ಯಾಹ್ನ ತಂದು ಸಾಲಿನ ಮಧ್ಯದಲ್ಲಿ ಸೇರಿಸ್ದೆ. ನಿಮಗೆ ಹೇಳಿದ್ರೆ ಸುಳ್ಳು ಲೆಕ್ಕ ಬೇಡ ಅಂತಿದ್ರಿ."

ಅವಳಿಗೆ ಅಳಬೇಕೋ ಅವನ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ. ಇಂಥ ಪರೋಪಕಾರಿಗಳಿದ್ದರೆ ಶತ್ರುಗಳು ಯಾಕೆ ಬೇಕು?

"ಹಾಗಾದ್ರೆ ನಿನ್ನ ಆರು ತೆಗೆದು ಆಚೆ ಹಾಕು!"

"ಯಾವುದು ಅಂತ ಈಗ ನಂಗೇ ಗೊತ್ತಾಗ್ತಿಲ್ಲ ಅತ್ತಿಗೆ. ಹಳೇ ಕಬ್ಬಿಣದಲ್ಲೇ ಮಾಡಿದ್ದೆ. ಅಷ್ಟು ಚೆನ್ನಾಗಿ ಬಂದಿದೆ."

ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಬೇರೆ! ಪಟ್ಟಿ ಸಾಹೇಬ ಗಡಿಯಾರ ನೋಡಿ, "ನಕಲಿ ಸೇರಿಸಿದ್ದಾರೆ ಅಂತ ಬರೀಲಾ?" ಎಂದ. ನಾಲ್ಕೂವರೆ ಆಗಿತ್ತು.

ದಿನಸಿ ಅಕ್ಕ ಹತ್ತಿರದ ಟ್ರಾಲಿಯನ್ನು ಸಿಟ್ಟಿನಿಂದ ಜೋರಾಗಿ ತಳ್ಳಿಬಿಟ್ಟಳು. ಅದು ಎಡಕ್ಕೆ ವಾಲಿ ಕಂಬಕ್ಕೆ ಬಡಿಯಿತು. ಎಂಟು ವರ್ಷ ಅವಳ ಭುಜ ನೋಯಿಸಿದ್ದು ಇದೇ ಚಾಳಿ. ದೊಡ್ಡಂಗಡಿಯ ಟ್ರಾಲಿ ಒಂದಾದರೂ ನೆಟ್ಟಗೆ ಹೋದದ್ದನ್ನು ಅವಳು ಕಂಡಿರಲಿಲ್ಲ. ಥಟ್ಟನೆ ಮೈದುನನ ಕಡೆ ತಿರುಗಿದಳು.

"ಚಕ್ರ ಹೇಗೆ ಕೂರಿಸಿದ್ದೀಯ?"

"ನೆಟ್ಟಗೆ. ಸೊಟ್ಟಗೆ ಕೂರಿಸೋಕೆ ನನ್ನ ಕೈಗೆ ಬರಲ್ಲ ಅತ್ತಿಗೆ."

"ಎಲ್ಲಾನೂ ತಳ್ರೋ!" ಎಂದು ಅವಳು ಕೂಗಿದಳು. ನೆರಳಿನಲ್ಲಿದ್ದವರೂ ಎದ್ದು ಓಡಿಬಂದರು. ಅಂಗಳದ ತುಂಬ ಟ್ರಾಲಿಗಳು ಎಡಕ್ಕೆ ಎಡಕ್ಕೆ ಓಡಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಟೈಲರ್ ಕಾಲ ಮೇಲೇ ಒಂದನ್ನು ಹತ್ತಿಸಿಕೊಂಡು ಅಯ್ಯೋ ಎಂದ. ಪಟ್ಟಿ ಸಾಹೇಬ ಕಾರಿನ ಹಿಂದೆ ಸರಿದ. ನೇರವಾಗಿ ಹೋಗಿ ಬೇಲಿ ಮುಟ್ಟಿದ್ದು ಮಾತ್ರ ಆರೇ ಆರು.

ಆ ಆರನ್ನು ಆಚೆ ಎಳೆದು ನಿಲ್ಲಿಸಿದರು. ಸಾಹೇಬ ಮತ್ತೆ ಎಣಿಸಿದ, ಒಂದೊಂದನ್ನೂ ಮೂಸುವಷ್ಟು ಹತ್ತಿರದಿಂದ ನೋಡಿದ. ಇನ್ನೇನೂ ಕೊಕ್ಕೆ ಸಿಗದೆ, ಐದಕ್ಕೆ ಮೂರು ನಿಮಿಷವಿರುವಾಗ ಸಹಿ ಹಾಕಿ ಬೀಗದ ಕೈ ಅವಳ ಅಂಗೈಗೆ ಹಾಕಿದ.

ಎಲ್ಲರೂ ಮುಂಬಾಗಿಲ ಕಡೆ ನುಗ್ಗಿದರು. ಒಳಗೆ ಕತ್ತಲೆ, ಧೂಳು, ಒಂದು ಕಿಟಕಿಯೂ ಇಲ್ಲ. ಹೆದ್ದಾರಿಗೆ ಮುಖ ಮಾಡಿ ಊರಿಗೆ ಬೆನ್ನು ತಿರುಗಿಸಿ ಕಟ್ಟಿದ ಕಟ್ಟಡ ಅದು. ಬೀದಿಯವರು ಈ ಬಾಗಿಲಿಗೆ ಬರಬೇಕೆಂದರೆ ಅರ್ಧ ಮೈಲಿ ಸುತ್ತಬೇಕು. ಯಾರಿಗೆ ಯಾವ ಮೂಲೆ ಎಂದು ಹನ್ನೊಂದು ಮಂದಿ ಆಗಲೇ ಜಗಳಕ್ಕೆ ನಿಂತರು. ದಿನಸಿ ಅಕ್ಕ ಅವರ ಗೊಡವೆಗೆ ಹೋಗದೆ ಸೀದಾ ಪೇಟೆಬೀದಿಯ ಕಡೆಗಿದ್ದ ಹಿಂದಿನ ತಗಡಿನ ಗೋಡೆಯವರೆಗೆ ನಡೆದಳು. ಹೆಜ್ಜೆ ಅಳೆದು ಒಂದು ಕಡೆ ನಿಂತು ಸೀಮೆಸುಣ್ಣದಿಂದ ಗೀಟೆಳೆದಳು.

"ಇಲ್ಲಿ ಕೊಯ್ಯಿ" ಎಂದಳು ಮೈದುನನಿಗೆ. "ನನ್ನ ಅಂಗಡಿ ಬಾಗಿಲು ಇದ್ದದ್ದು ಇಲ್ಲೇ."

ಪಟ್ಟಿ ಸಾಹೇಬ ಹಿಂದೆಯೇ ಓಡಿಬಂದ. "ಏನಮ್ಮ ಇದು, ಕಟ್ಟಡ ಇದ್ದ ಹಾಗೇ ಇರಬೇಕು!"

"ಕೊಡೋವರೆಗೆ. ಈಗ ಕೊಟ್ಟಾಯ್ತಲ್ಲ, ನೀವು ಹೊರಡಿ ಸ್ವಾಮಿ."

ಮೈದುನ ಅಳತೆ ನೋಡಲು ಸುತ್ತಿಗೆಯಿಂದ ತಗಡು ಬಡಿದ. ಆಚೆ ಕಡೆಯಿಂದ ಯಾರೋ ಗದರಿದರು:

"ಯಾರದು ಬಡಿಯೋದು, ಸಂಜೆ ಹೊತ್ತಲ್ಲಿ?"

ಗೋಡೆಯಾಚೆಗೇ ಇದ್ದ ಮನೆಯಿಂದ ಅತ್ತೆಯ ದನಿ. ಇಷ್ಟು ವರ್ಷ ಗೋಡೆಯ ಒಳಗಿದ್ದು ಕೆಲಸ ಮಾಡಿದರೂ ಅದು ಒಮ್ಮೆಯೂ ಅವಳಿಗೆ ಕೇಳಿಸಿರಲಿಲ್ಲ. ದಿನಸಿ ಅಕ್ಕ ತಗಡಿಗೆ ಬಾಯಿ ಹತ್ತಿಸಿ ಕೂಗಿದಳು.

"ನಾನೇ ಅತ್ತೆ. ಅಂಗಡಿ ಬಾಗಿಲು ತೆಗೀತಿದ್ದೀನಿ."